ಗೋಡೆಯಡಿಯ ಬಳ್ಳಿ

ಗುದ್ದಲಿ ಟಕ್ಕೆಂದಿತು. ಕಲ್ಲಿನ ಸದ್ದಲ್ಲ, ಕಟ್ಟಿಗೆಯದು.

"ಸಿಕ್ತು!" ಅನ್ಸೆಲ್ಮೊ ಕೂಗಿದ. "ಬಾರೇ ಕಳ್ಳನ ಮಗಳೇ, ನಿಮ್ಮಪ್ಪನ ಕೈಚಳಕ ನೋಡು ಬಾ!"

ತೋಟದಲ್ಲಿದ್ದ ಫಿಯೊರೆಂಜಾ ಓಡಿಬಂದಳು. ದೊಡ್ಡಪ್ಪ ಕೇಳದೆ ಹೇಳದೆ ಅವಳ ನೆಲಕ್ಕಿಳಿದು, ಎರಡು ಮನೆಗಳ ನಡುವಿನ ಕಲ್ಲುಗೋಡೆಯ ಬುಡ ಅಗೆದಿದ್ದ. ಗುಂಡಿಯಲ್ಲಿ ಕಪ್ಪು ತೊಗಟೆಯ ಕವಲೊಂದು ಮಲಗಿತ್ತು. ಒಂದು ತುದಿ ಅವಳ ಬಳ್ಳಿಯ ಬುಡಕ್ಕೆ. ಇನ್ನೊಂದು ಗೋಡೆಯಡಿ ಹಾಯ್ದು ಆಚೆಗೆ, ಅವನ ಬಳ್ಳಿಯ ಬುಡಕ್ಕೆ.

ವೆಂಟ್ರಿಸ್ಕಾ. ಬೆಟ್ಟದವರೇ ಮರೆತಿದ್ದ ಕರಿದ್ರಾಕ್ಷಿ. ಉಳಿದ ಹಳೆಯ ಬಳ್ಳಿಗಳು ಇವೆರಡೇ. ತನ್ನದರಿಂದ ಫಿಯೊರೆಂಜಾ ಆರು ಸಾಲು ಎಬ್ಬಿಸಿ, ಕಳೆದ ವರ್ಷ ಮೊದಲ ವೈನ್ ತೆಗೆದಿದ್ದಳು. ಅಂದಿನಿಂದ ಅನ್ಸೆಲ್ಮೊ ಕುದಿಯುತ್ತಿದ್ದ. ತಾನು ಆಸ್ಪತ್ರೆಯಲ್ಲಿದ್ದ ವರ್ಷ ತಮ್ಮ ಎರ್ಮಿನಿಯೊ ಈಚೆ ಇದ್ದ ಯಾವುದೋ ಬಳ್ಳಿ ಕಿತ್ತೆಸೆದು, ಅಲ್ಲಿ ತನ್ನ ಬಳ್ಳಿಯ ಕವಲು ಕದ್ದು ನೆಟ್ಟ ಎಂದು ಚರ್ಚಿನ ಮೆಟ್ಟಿಲ ಮೇಲೇ ಕೂಗಾಡಿದ್ದ. ತಮ್ಮ ಸತ್ತು ಎರಡು ವರ್ಷವಾಗಿತ್ತು. ಬೈಗುಳಕ್ಕೆ ಮಗಳು ಉಳಿದಿದ್ದಳು.

ಅನ್ಸೆಲ್ಮೊನ ಬಳ್ಳಿ ನೆಟ್ಟವಳು ಅವನ ಹೆಂಡತಿ ನುನ್ಸಿಯಾತಾ. ಆಚೆ ಬದಿ ಬರೀ ಬಂಡೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ತುಂಬಿ ಬೆಳೆಸಿದ್ದಳು. ಅವಳು ತೀರಿದ ಚಳಿಗಾಲದಲ್ಲೇ ಅವನು ನೇಪಲ್ಸ್‌ನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ. ಹಿಮಕ್ಕೆ ಬಳ್ಳಿಯ ಕಾಂಡ ಒಣಗಿತು. ವರ್ಷದ ಮೇಲೆ ಮರಳಿದಾಗ ಒಣಕಾಂಡದ ಬುಡದಲ್ಲಿ ಒಂದು ಚಿಗುರು. ಅವಳೇ ಎದ್ದು ಬಂದಳೆಂದು ಮಂಡಿಯೂರಿ ಅತ್ತ. ಮೂವತ್ತು ವರ್ಷದಿಂದ ಪ್ರತಿ ಸಂಜೆ ಅವನ ಜಪಮಾಲೆ ಅದರ ನೆರಳಲ್ಲೇ.

"ಕವಲು ಬಾಗಿಸಿ ಹೂತು, ತುದಿ ಈಚೆ ಎಬ್ಬಿಸಿದಾನೆ. ಬೇರು ಬಿಟ್ಮೇಲೆ ಮೂರನೇ ವರ್ಷ ತಾಯಿಬಳ್ಳಿಯಿಂದ ಕತ್ತರಿಸ್ಬೇಕು ಅನ್ನೋದು ಊರಿಗೆಲ್ಲ ಗೊತ್ತು. ಇವನು ಕತ್ತರಿಸ್ಲೇ ಇಲ್ಲ! ಮೂವತ್ತು ವರ್ಷ ನನ್ನ ನುನ್ಸಿಯಾತಾಳ ಹಾಲು ಕುಡಿದಿದೀರಿ."

"ದೊಡ್ಡಪ್ಪ, ಮಣ್ಣು ಮುಚ್ಚಿಬಿಡಿ. ಆಗಸ್ಟ್ ಬಿಸಿಲು. ಎರಡು ತಿಂಗಳಿಂದ ಹನಿ ಮಳೆ ಇಲ್ಲ."

"ಭಯವಾಯ್ತಾ?" ಅವನು ಸೊಂಟದಿಂದ ಗರಗಸ ಎಳೆದುಕೊಂಡ.

"ಹೌದು."

"ಹಾಗಾದ್ರೆ ನಿಜ ಹೇಳು. ಯಾರಿಂದ ಯಾರು ತಗೊಂಡ್ರು?"

ಫಿಯೊರೆಂಜಾ ಬಾಯಿ ತೆರೆದಳು. ಅಪ್ಪನ ಕೊನೆಯ ಗಳಿಗೆ ನೆನಪಾಯಿತು. ಪಾದ್ರಿ ಅಂತಿಮ ಪ್ರಾರ್ಥನೆಯ ಎಣ್ಣೆ ಹಚ್ಚಿ ಹೋದಮೇಲೆ ಅಪ್ಪ ಅವಳ ಕೈಯನ್ನು ಶಿಲುಬೆಯ ಮೇಲಿಟ್ಟು ಮಾತು ತೆಗೆದುಕೊಂಡಿದ್ದ. ಬಾಯಿ ಮುಚ್ಚಿದಳು.

"ಆರು ಸಾಲೂ ನೀವೇ ಇಟ್ಕೊಳ್ಳಿ," ಎಂದಳು ಕೊನೆಗೆ. "ಬಾಟ್ಲಿ ಮೇಲೆ ನಿಮ್ಮ ಹೆಸರೇ ಹಾಕಿಸ್ತೀನಿ. ಆ ಗರಗಸ ಒಂದು ಕೆಳಗಿಡಿ."

ಅವನು ನಕ್ಕ. "ಕದ್ದ ಮಾಲು ತಿರುಗಿ ಕೊಡೋದಕ್ಕೆ ಇಷ್ಟು ದಿನ ಬೇಕಾಯ್ತೇನೇ? ತಡವಾಯ್ತು, ತಾಯಿ."

ಗರಗಸ ಹತ್ತು ಸಲ ಹೋಗಿಬಂತು. ಕೊಯ್ದ ಬಾಯಿಯಲ್ಲಿ ತೇವ ಮಿನುಗಿತು.

"ಇನ್ನು ಸ್ವಂತ ಬೇರಲ್ಲಿ ಬದುಕ್ಲಿ, ನೋಡೋಣ." ಗುಂಡಿಗೆ ಉಗಿದು ಗೋಡೆ ಹತ್ತಿಳಿದ.

ಮರುದಿನದಿಂದ ಅವನು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡ, ಈಚೆ ಮುಖ ಮಾಡಿ, ತನ್ನ ಬಳ್ಳಿಗೆ ಬೆನ್ನು ಕೊಟ್ಟು.

"ಇನ್ನೂ ಬಾಡಿಲ್ವೇನೇ?" ಮೊದಲ ದಿನ ಕೇಳಿದ. ಎರಡನೆಯ ದಿನವೂ ಕೇಳಿದ. ಮೂರನೆಯ ದಿನ ಬರೀ ದಿಟ್ಟಿಸಿದ. ಫಿಯೊರೆಂಜಾ ಒಮ್ಮೆಯೂ ತಲೆಯೆತ್ತಲಿಲ್ಲ. ಅವಳ ಬಳ್ಳಿಯಲ್ಲಿ ಕಾಯಿ ಕಪ್ಪೇರುತ್ತಿತ್ತು.

ನಾಲ್ಕನೆಯ ದಿನ ಅವನ ಹೆಗಲ ಮೇಲೆ ಒಣಗಿದ ಎಲೆಯೊಂದು ಬಿತ್ತು. ಅನ್ಸೆಲ್ಮೊ ತಿರುಗಿ ನೋಡಿದ.

ಹಿಮಕ್ಕೆ ಬೇರುಸಮೇತ ಸತ್ತಿದ್ದ ನುನ್ಸಿಯಾತಾಳ ಬಳ್ಳಿಯ ಬುಡದಲ್ಲಿ, ಅಣ್ಣ ಆಸ್ಪತ್ರೆಯಿಂದ ಮರಳುವ ಮುನ್ನವೇ ಎರ್ಮಿನಿಯೊ ತನ್ನ ಬಳ್ಳಿಯ ಕವಲನ್ನು ಗೋಡೆಯಡಿ ಹಾಯಿಸಿ ಎಬ್ಬಿಸಿಟ್ಟಿದ್ದ ಆ ಚಿಗುರು, ಎಲೆಯೆಲೆಯೂ ಬಾಡಿ ಜೋತುಬಿದ್ದಿತ್ತು.