ಎರಡನೇ ಕೋಣೆಯ ಉತ್ತರ

ಸುರಂಗ ಕುಸಿದು ಆರು ತಾಸಾಗಿತ್ತು. ಒಂದನೇ ಆಶ್ರಯ ಕೋಣೆಯಲ್ಲಿ ಸಿಕ್ಕಿಬಿದ್ದವರು ಇಬ್ಬರು: ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ನಿರುಪಮಾ ಮತ್ತು ಬಂಡೆ ಕೊರೆಯುವ ಗವಿಸಿದ್ದಪ್ಪ. ಉಸಿರಾಡುವುದೇ ಕಷ್ಟವಾಗತೊಡಗಿತ್ತು.

ಫೋನಿನಲ್ಲಿ ಮುಖ್ಯ ಎಂಜಿನಿಯರ್ ಹೇಳಿದರು: "ಎರಡೂ ಕೋಣೆಯ ಕಂಪ್ಯೂಟರುಗಳನ್ನ ಕರೆದು ನೋಡ್ತಿದ್ದೀವಿ. ನಿಮ್ಮದು ಮಾತ್ರ ಉತ್ತರ ಕೊಡ್ತಿದೆ. ಎರಡನೇ ಕೋಣೆ ಹೋಯ್ತು ಅಂತ ಕಾಣತ್ತೆ. ನಿಮ್ಮ ಕಡೆಗೇ ಕೊರೀತಾ ಇದ್ದೀವಿ."

ಹಾಗೆ ಕರೆದು ನೋಡುವ ಪ್ರೋಗ್ರಾಂ ಬರೆದವಳು ನಿರುಪಮಾಳೇ. ಅದು ಎರಡೂ ಕೋಣೆಗಳನ್ನು ಒಂದೇ ಗಳಿಗೆಯಲ್ಲಿ ಕರೆಯುತ್ತಿತ್ತು, ಎರಡು ಕರೆಗೂ ಒಂದೇ ಗುರುತು. ಮೊದಲು ಬಂದ ಉತ್ತರವನ್ನಷ್ಟೇ ಹಿಡಿದು ಇನ್ನೊಂದು ಕೋಣೆಯದನ್ನು ಅದು ಕೈಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಫೋನಿಗೆ ಕೈ ಅಡ್ಡ ಹಿಡಿದು ಗವಿಸಿದ್ದಪ್ಪನಿಗೆ ಹೇಳಿದಳು: "ಎರಡನೇ ಕೋಣೆಯವರು ಬದುಕಿರಬಹುದು. ತಪ್ಪು ನನ್ನ ಪ್ರೋಗ್ರಾಂದು."

"ಸುಮ್ಮನಿರ್ರಿ ಮೇಡಂ. ಕೊರಿಯೋ ಮಷಿನ್ ಇರೋದು ಒಂದ. ನನಗ ಮೂರು ಮಕ್ಕಳದಾವ್ರಿ," ಎಂದು ಅವನು ಅವಳ ಕೈ ಬಿಗಿಯಾಗಿ ಹಿಡಿದುಕೊಂಡ.

ಅವಳು ಕೈ ಬಿಡಿಸಿಕೊಂಡಳು. "ಸರ್, ನಮ್ಮನ್ನ ಕರೆಯೋದು ನಿಲ್ಲಿಸಿ. ಎರಡನೇ ಕೋಣೆ ಒಂದನ್ನೇ ಕರೆದು ನೋಡಿ."

ಆ ಕಡೆ ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು.

"ಉತ್ತರ ಬಂತು ಮೇಡಂ. ಆ ಕೋಣೆ ಕುಸಿದಿಲ್ಲ. ಅಲ್ಲಿ ಹನ್ನೊಂದು ಜನ ಇದ್ದಾರೆ. ಆದ್ರೆ ನೀವು..." ಎಂದರು ಎಂಜಿನಿಯರ್.

ನಾವು ಕಾಯುತ್ತೇವೆ ಎನ್ನಬೇಕೆಂದು ನಿರುಪಮಾ ಫೋನನ್ನು ಬಾಯಿಯ ಹತ್ತಿರ ತಂದಳು. ಗವಿಸಿದ್ದಪ್ಪ ಅವಳ ಕೈಯಿಂದ ಫೋನು ಕಸಿದುಕೊಂಡ.

"ಸಾಹೇಬ್ರ, ಮಷಿನ್ ಅವರ ಕಡಿ ತಿರಗಸ್ರಿ."