ಇನ್ನೂರನಲವತ್ತು

“ಬಂಡೆಪ್ಪ ಹೊರಗ ನಿಂದರಲಿ,” ಎಂದಳು ಮಂದಾಕಿನಿ.

ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಾಲಯದ ಹಿರಿಯ ರಸಾಯನಜ್ಞ ಹಣಮಂತರಾಯರ ಮುಖ ಬಿಳಿಚಿಕೊಂಡಿತು. ಅವನು ಇರಲಿ ಬಿಡ್ರಿ ಎಂದು ಎರಡು ಸಲ ಬೇಡಿಕೊಂಡರು. ಸಹಾಯಕ ಹೊರಗೆ ಹೋದರೆ ಇವರಿಗೇಕೆ ಇಷ್ಟು ದಿಗಿಲು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡಳು, ಹೊಸದಾಗಿ ಬಂದ ಆ ಅಧಿಕಾರಿ.

ಅದು 1993ರ ಬೇಸಿಗೆ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಕೊಳೆನೀರಿನ ಸಿಒಡಿ, ಅಂದರೆ ಅದರ ಕೊಳೆ ಬೇಡುವ ಆಮ್ಲಜನಕದ ಲೆಕ್ಕ, ರಾಯರ ಕೈಯಲ್ಲಿ ತಿಂಗಳು ತಿಂಗಳೂ ಇನ್ನೂರನಲವತ್ತು ಬರುತ್ತಿತ್ತು. ಮಿತಿ ಇನ್ನೂರೈವತ್ತು. ಆ ನೀರು ಹರಿದಲ್ಲಿ ಬಾವಿಗಳು ನಾರುತ್ತಿದ್ದವು, ಎಮ್ಮೆಗಳು ಸತ್ತಿದ್ದವು. ಅದೇ ನೀರನ್ನು ಮಂದಾಕಿನಿ ತಾನೇ ಪರೀಕ್ಷಿಸಿದಾಗ ಬಂದದ್ದು ಒಂಬೈನೂರು. ಹಾಗಾಗಿ ಇವತ್ತು ತನ್ನೆದುರೇ ಪರೀಕ್ಷೆ ಮಾಡಲು ರಾಯರಿಗೆ ಹೇಳಿದ್ದಳು.

ರಾಯರ ನಿವೃತ್ತಿಗೆ ಎಂಟೇ ದಿನ. ಇವತ್ತು ಸಿಕ್ಕಿಬಿದ್ದರೆ ಪಿಂಚಣಿ ಹೋಗುತ್ತದೆ, ಮಲ್ಕಾಜ್‌ಗಿರಿಯ ನೆಂಟರಿಷ್ಟರ ನಡುವೆ ತಲೆಯೆತ್ತುವ ಹಾಗಿಲ್ಲ. ಅವಳಿಗೆ ಕನಿಕರವಿತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು.

ಬಂಡೆಪ್ಪನನ್ನು ನಿನ್ನೆಯೇ ಕರೆದು ಕೇಳಿದ್ದಳು. ಇಪ್ಪತ್ತೆರಡು ವರ್ಷ ರಾಯರ ಪಕ್ಕ ನಿಂತವನು. ಅವನಿಗೆ ರಜೆಯಿದ್ದ ದಿನ ರಾಯರು ಪರೀಕ್ಷೆಯನ್ನೇ ಮುಂದೂಡುತ್ತಿದ್ದರು. ಅವನು ತಲೆ ಕೆರೆದುಕೊಂಡ.

“ದೊಡ್ಡವರ ಕೆಲಸ ನನಗೇನ ತಿಳೀತದ್ರಿ ಮೇಡಂ. ನಾ ಬರೇ ಬಾಜೂಕ ನಿಂದರತೀನ್ರಿ.”

ಪಾಪದವನು. ಅವನನ್ನು ರಾಯರ ಕಣ್ಣಿನಿಂದ ದೂರ ಇಡಲೆಂದೇ ಹೊರಗೆ ನಿಲ್ಲಿಸಿದ್ದಳು.

ಎರಡು ಗಂಟೆ ಕುದಿಸಿದ ಕೊಳೆನೀರು ಆರಿತ್ತು. ರಾಯರು ಬ್ಯುರೆಟ್ಟಿನ ತಿರುಪು ಸಡಿಲಿಸಿ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರು. ಫ್ಲಾಸ್ಕಿನ ಹಸಿರು ಹೋಗಿ ಇಟ್ಟಿಗೆಯ ಕೆಂಪು ಬಂದ ಕ್ಷಣ ನಿಲ್ಲಿಸಬೇಕು. ಆಮೇಲೆ ಬಿದ್ದ ಒಂದೊಂದು ಹನಿಯೂ ಹೊಲಸು ನೀರನ್ನು ಕಾಗದದ ಮೇಲೆ ಶುದ್ಧ ಮಾಡುತ್ತದೆ.

ಕೆಂಪು ಬಂತು. ರಾಯರು ನಿಲ್ಲಿಸಲಿಲ್ಲ.

ಒಂದು ಮಿಲಿಲೀಟರ್ ಹೆಚ್ಚಾಯಿತು. ಎರಡಾಯಿತು. ರಾಯರ ಹಣೆ ಬೆವರುತ್ತಿತ್ತು, ಕಣ್ಣು ಮತ್ತೆ ಮತ್ತೆ ಬಾಗಿಲಿನ ಕಡೆ ಹೋಗುತ್ತಿತ್ತು. ತನ್ನ ಎದುರೇ ನಿಂತು ಈ ಮೋಸ! ಅವಳ ಮೈ ಉರಿದುಹೋಯಿತು.

“ಸಾಕ ಮಾಡ್ರಿ ರಾಯರ. ಯಾರ ಕಣ್ಣಿಗೆ ಮಣ್ಣ ಹಾಕಾಕತ್ತೀರಿ?”

ರಾಯರ ಕೈ ನಿಂತಿತು. ತಲೆ ಎತ್ತದೆ, ಬಾಗಿಲಾಚೆ ಕೇಳದಷ್ಟು ಮೆಲ್ಲಗೆ ಹೇಳಿದರು.

“ಕೆಂಪ ಬಂತೇನ್ರಿ? ನನಗ ಹುಟ್ಟಿದಾಗಿಂದ ಹಸಿರು, ಕೆಂಪು ಎರಡೂ ಒಂದ ಕಾಣತಾವ್ರಿ. ಬಣ್ಣ ತಿರುಗಿತು, ನಿಲ್ಲಸ್ರಿ ಅಂತ ದಿನಾ ಬಂಡೆಪ್ಪನೇ ಹೇಳತಿದ್ದ. ಅವ ಅಂದಾಗ ನಾ ನಿಲ್ಲಸತಿದ್ದೆ.”