ಗುಡಿ ಮುಂದೆ ಬಿಟ್ಟ ಚಪ್ಪಲಿ

ಬಿಟ್ಟ ಜಾಗದಲ್ಲಿ ಚಪ್ಪಲಿ ಇರಲಿಲ್ಲ. ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ ತನ್ಮಯಿ ಹೊಳೆದಂಡೆಯವರೆಗೂ ಹುಡುಕಿದಳು.

"ಅಳಿಯಂದ್ರು ಕೊಡಿಸಿದ್ದು ತಾನೆ? ಹೋಗ್ಲಿ ಬಿಡು. ಗುಡಿ ಮುಂದೆ ಚಪ್ಪಲಿ ಕಳೆದುಹೋದ್ರೆ ಪೀಡೆ ತೊಲಗ್ತು ಅಂತಾರೆ," ಎಂದರು ತಾಯಿ ಚೂಡಾಮಣಿ.

ಬೆಳಿಗ್ಗೆ ಮೈಸೂರಿನಿಂದ ಬಂದು ಇಬ್ಬರೂ ಹೊಳೆಯ ಹಕ್ಕಿಗಳನ್ನು ನೋಡಿ, ಶ್ರೀರಂಗಪಟ್ಟಣದ ಗುಡಿಗಳನ್ನೆಲ್ಲ ಸುತ್ತಿದ್ದರು. ಪ್ರತಿ ಗುಡಿಯಲ್ಲೂ ತಾಯಿ ಕಣ್ಣುಮುಚ್ಚಿ ಬಹಳ ಹೊತ್ತು ಬೇಡಿಕೊಂಡಿದ್ದರು. ಮಗಳ ಸಂಸಾರ ಸರಿಹೋಗಲೆಂದೇ ಇರಬೇಕು ಎಂದುಕೊಂಡು, ಹೇಳಬೇಕಾದ ಮಾತನ್ನು ತನ್ಮಯಿ ನುಂಗಿಕೊಂಡೇ ಬಂದಿದ್ದಳು. ಈಗ ಅದು ತಾನಾಗಿ ಹೊರಬಿತ್ತು.

"ಅಮ್ಮ, ನಾನು ಆ ಮನೆಗೆ ವಾಪಸ್ ಹೋಗಲ್ಲ."

ಚೂಡಾಮಣಿ ತಮ್ಮ ಚಪ್ಪಲಿ ಕಳಚಿ ಮಗಳ ಕಾಲ ಬಳಿ ಇಟ್ಟರು. "ಕಾಲು ಸುಡತ್ತೆ, ಹಾಕ್ಕೊ," ಎಂದರು. "ಪ್ರತಿ ಗುಡೀಲೂ ನಾನು ಬೇಡ್ಕೊಂಡಿದ್ದು ಈ ಮಾತನ್ನೇ ಕಣೆ."